ಜ್ವರ ಬಿಟ್ಟ ಮೇಲೆ ಹೆದರಿದ ಡಾಕ್ಟರು

ನಮ್ಮ ಡಾಕ್ಟರ ಎರಡೂ ಕಿವಿಗಳಲ್ಲಿ ಬಿಳಿ ಕೂದಲು ಪೊದೆಯಾಗಿ ಬೆಳೆದಿತ್ತು. ಸ್ಟೆತಸ್ಕೋಪು ಅದರೊಳಗೆ ಹೋದರೂ ಏನು ತಾನೇ ಕೇಳಿಸೀತು ಎಂಬ ಅನುಮಾನ, ಮದುವೆಯಾಗಿ ವಿನೋಬನಗರಕ್ಕೆ ಬಂದ ದಿನದಿಂದಲೂ ನನಗಿತ್ತು. ಭದ್ರಾವತಿಯ ಓಲ್ಡ್ ಟೌನಿನ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದರು. ಏನು ಕೇಳಿದರೂ ಮೊದಲ ಉತ್ತರ ಒಂದೇ: "ಗೊತ್ತಿಲ್ಲಮ್ಮ, ನೋಡಣ." ಗೊತ್ತಿಲ್ಲದವರಿಗೆ ಅಷ್ಟು ದೊಡ್ಡ ಬೋರ್ಡು ಯಾಕೆ ಬೇಕಿತ್ತೋ ಎಂದು ನಾನು ಮನೆಯಲ್ಲಿ ರೇಗುತ್ತಿದ್ದೆ.

ಒಂದು ಮಳೆಗಾಲ ನಮ್ಮೆಜಮಾನರಿಗೂ ಮೈದುನನಿಗೂ ಒಟ್ಟಿಗೇ ಡೆಂಗಿ ಬಂತು. ಬೀದಿಯವರ ಬಾಯಲ್ಲೆಲ್ಲ ಪ್ಲೇಟ್‌ಲೆಟ್ಟಿನದೇ ಮಾತು. ಯಜಮಾನರದ್ದು ಪಾತಾಳಕ್ಕಿಳಿದಿತ್ತು. ಮೈದುನನದು ಅಷ್ಟೇನೂ ಇಳಿದಿರಲಿಲ್ಲ, ಜ್ವರವೂ ಬಿಟ್ಟಿತ್ತು. ಹೊಟ್ಟೆನೋವು ಅನ್ನುತ್ತಿದ್ದ, ಪರಂಗಿ ಎಲೆಯ ರಸ ಕುಡಿಸಿದ್ದಕ್ಕಿರಬೇಕು ಅಂದುಕೊಂಡೆವು. ಅತ್ತೆಯಂತೂ ಖುಷಿಗೆ ಪಾಯಸ ಮಾಡಿಟ್ಟಿದ್ದರು.

ಇಬ್ಬರನ್ನೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ರಿಪೋರ್ಟುಗಳನ್ನು ನೋಡಿ, "ನಿಮ್ಮೆಜಮಾನ್ರು ಮನೇಲೇ ಇರ್ಲಿ. ಚೆನ್ನಾಗಿ ನೀರು ಕುಡೀಲಿ, ನಾಳೆ ಮತ್ತೆ ರಕ್ತ ಕೊಡ್ಲಿ. ಇವನನ್ನ ಈಗ್ಲೇ ಅಡ್ಮಿಟ್ ಮಾಡಿ" ಎಂದರು.

ರಿಪೋರ್ಟು ಅದಲುಬದಲಾಗಿದೆ ಎಂದೇ ನನಗನ್ನಿಸಿತು. "ಉಲ್ಟಾ ಹೇಳ್ತಿದ್ದೀರಲ್ಲ ಡಾಕ್ಟ್ರೇ! ಜ್ವರ ಬಿಟ್ಟೋನನ್ನ ಯಾಕೆ?"

"ಬಿಟ್ಟಿದ್ದಕ್ಕೇ ಭಯ. ಕೆಲವರಿಗೆ ಆಗ್ಲೇ ಕೈ ಕೊಡೋದು. ನಿನ್ನೆಗಿಂತ ರಕ್ತ ಗಟ್ಟಿಯಾಗಿದೆ ನೋಡಿ, ನೀರಿನಂಶ ರಕ್ತನಾಳದಿಂದ ಸೋರ್ತಿರಬಹುದು. ಲಿವರ್ ಟೆಸ್ಟಿನ ಅಂಕಿನೂ ಏರಿದೆ. ಹೊಟ್ಟೆನೋವು ಬೇರೆ. ನಿಮ್ಮೆಜಮಾನ್ರಿಗೆ ಪ್ಲೇಟ್‌ಲೆಟ್ ಇಳಿದಿರೋದು ಬಿಟ್ರೆ ಇದ್ಯಾವುದೂ ಇಲ್ಲ."

"ಹಂಗಾದ್ರೆ ಜಾಸ್ತಿ ಆಗೇ ಆಗುತ್ತಾ?"

"ಗೊತ್ತಿಲ್ಲಮ್ಮ. ಆಗ್ದೇನೂ ಇರಬಹುದು."

ನನಗೆ ತಲೆ ಕೆಟ್ಟುಹೋಯಿತು. ಆಗದೇ ಇರಬಹುದಾದರೆ ಆಸ್ಪತ್ರೆ ಯಾಕೆ? ಅತ್ತೆ ನನ್ನ ಕಿವಿಯಲ್ಲಿ, "ಮುದುಕನಿಗೆ ಅರಳುಮರಳು ಮಾರಾಯ್ತಿ, ಬೇರೆಯವ್ರಿಗೆ ತೋರ್ಸಣ" ಎಂದರು. ನಾನೂ ಹೂಂಗುಟ್ಟಿದೆ. ಮೈದುನನೇ, "ಹೋಗ್ಬಿಡಣ ಅತ್ತಿಗೆ, ಇವ್ರ ಮುಖ ನೋಡಿ ನಂಗೇ ಹೆದ್ರಿಕೆ ಆಗ್ತಿದೆ" ಎಂದ. ಅಷ್ಟರಲ್ಲಿ ಡಾಕ್ಟರು ಆಟೋ ಕರೆದು, ನಮಗಿಂತ ಮೊದಲು ತಾವೇ ಹತ್ತಿ ಕೂತಿದ್ದರು. ಯಜಮಾನರನ್ನು ಅತ್ತೆಯ ಜೊತೆ ಮನೆಗೆ ಕಳಿಸಿ, ಗೊಣಗಿಕೊಂಡೇ ನಾನೂ ಹತ್ತಿದೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಸ್ವಲ್ಪ ಹೊತ್ತಾಗಿತ್ತಷ್ಟೆ. ಮೈದುನನ ಕೈಕಾಲು ತಣ್ಣಗಾದವು, ಬಿಪಿ ಕುಸಿಯಿತು, ನರ್ಸುಗಳು ಓಡಿಬಂದರು. ಮನೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ. ಐಸಿಯುನಲ್ಲಿದ್ದು ಹುಡುಗ ಉಳಿದುಕೊಂಡ. ಯಜಮಾನರು ಮನೆಯಲ್ಲೇ ಗಂಜಿ ಕುಡಿದು ಎದ್ದರು.

ಆಮೇಲೊಮ್ಮೆ ಕೇಳಿದೆ: "ನಿಮಗೆ ಹೆಂಗೆ ಗೊತ್ತಾಯ್ತು ಡಾಕ್ಟ್ರೇ?"

"ಎಲ್ಲಿ ಗೊತ್ತಾಯ್ತು? ಹೆದ್ರಿಕೆ ಆಯ್ತು, ಅಷ್ಟೇ. ಇಂಥದೇ ರಿಪೋರ್ಟ್ ಇದ್ದೋರು ಎಷ್ಟೋ ಜನ ಏನೂ ಆಗ್ದೆ ಮನೆಗೆ ಹೋಗಿದಾರೆ."

ಅದು ಜಾಣತನವೋ ಅದೃಷ್ಟವೋ, ನನಗಿನ್ನೂ ಬಗೆಹರಿದಿಲ್ಲ. ಮತ್ತೆ ಕೇಳೋಣವೆಂದರೆ ಅವರೇ ಇಲ್ಲ. ಹೋದ ವರ್ಷ ಮಲಗಿದ್ದವರು ಏಳಲಿಲ್ಲ. ನಾವೆಲ್ಲ ಓಲ್ಡ್ ಟೌನಿಗೆ ಹೋಗಿದ್ದೆವು. ಹೆಗಲು ಕೊಟ್ಟವರಲ್ಲಿ ನನ್ನ ಮೈದುನನೂ ಇದ್ದ. ದಾರಿಯುದ್ದಕ್ಕೂ ಉಳಿದವರೆಲ್ಲ ಹೆಗಲು ಬದಲಿಸಿದರು, ಅವನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.