ಉಪ್ಪುನೀರಿನ ಅಟೆಂಡರಣ್ಣ

ಅಟೆಂಡರಣ್ಣನ ಎರಡೂ ಕೈಗಳ ಮೇಲೆ, ಮೊಣಕೈಗೆ ನಾಲ್ಕು ಬೆರಳು ಕೆಳಗೆ, ಒಂದು ಬಿಳಿ ಗೆರೆ ಇರುತ್ತಿತ್ತು. ಸೀಗಡಿ ಸಾಕುವ ಟಬ್ಬಿನ ಉಪ್ಪುನೀರು ಎಲ್ಲಿಯವರೆಗೆ ತಾಕುತ್ತಿತ್ತೋ ಅಲ್ಲಿಗೆ ಉಪ್ಪು ಒಣಗಿ, ಕಪ್ಪು ಚರ್ಮದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಹಾಗೆ ಕಾಣುತ್ತಿತ್ತು. ಬೆರಳ ತುದಿಗಳು ಸದಾ ನೆನೆದು ಸುಕ್ಕಾಗಿರುತ್ತಿದ್ದವು. ಅವರು ಕುಡಿದಿಟ್ಟ ಕಾಫಿ ಲೋಟದ ಹೊರಮೈಯಲ್ಲೂ ಉಪ್ಪಿನ ಪುಡಿ ಅಂಟಿರುತ್ತಿತ್ತು. ಅವರ ಹೆಂಡತಿ ಅದನ್ನು ಸೆರಗಿನಿಂದ ಒರೆಸುತ್ತಾ, "ಸಮುದ್ರಾನ ಮನೆ ತುಂಬ ಮೆತ್ತವ್ರೆ" ಎಂದು ಗೊಣಗುತ್ತಿದ್ದರು.

ನಾನು ಟೈಲರ್. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಟ್ಟೆ ಹೊಲಿದುಕೊಡುವ ಅಂಗಡಿಯೊಂದರಲ್ಲಿ ಕೆಲಸ. ಕುಂಬಾರಕೊಪ್ಪಲಿನ ಅವರ ಮನೆಯ ಮಹಡಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದಾಗ ಅವರು ನಿವೃತ್ತರಾಗಿ ವರ್ಷವಾಗಿತ್ತು. ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಅಟೆಂಡರ್ ಆಗಿದ್ದವರು. ಇಡೀ ಬೀದಿಗೆ ಅವರು ಅಟೆಂಡರ್ರು. ನನಗೆ ಅಟೆಂಡರಣ್ಣ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ.

ನಂಜನಗೂಡಿನ ಕಡೆಯ ಹೊಲಗದ್ದೆಯ ಮನೆಯಲ್ಲಿ ಹುಟ್ಟಿದ ಅವರು ಸಮುದ್ರ ನೋಡಿದ್ದು ನಲವತ್ತು ದಾಟಿದ ಮೇಲೆ, ವಿದ್ಯಾರ್ಥಿಗಳ ಪ್ರವಾಸದಲ್ಲಿ ಗಾಜಿನ ಜಾಡಿಗಳ ಪೆಟ್ಟಿಗೆ ಹೊತ್ತುಕೊಂಡು ಹೋದಾಗ. "ನೀರ್ಗೆ ಆಚೆ ದಡಾನೇ ಇಲ್ವಲ್ಲಮ್ಮ, ದಿಗಿಲಾಗ್ಬುಡ್ತು. ಮಕ್ಕಳೆಲ್ಲ ನೀರಿಗೆ ಬಿದ್ದು ಆಡ್ತಾವೆ, ನಾನು ಪೆಟ್ಟಿಗೆ ಹಿಡ್ಕೊಂಡು ನಿಂತೇ ಇವ್ನಿ" ಎಂದು ಹೇಳುತ್ತಿದ್ದರು. ಆ ದಿಗಿಲೇ ಯಾವಾಗಲೋ ಆಸೆಯಾಗಿ ತಿರುಗಿತ್ತು. ನಿವೃತ್ತಿಯಾದ ತಿಂಗಳೇ ನಡುಮನೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ ಕೂರಿಸಿ ಉಪ್ಪುನೀರು ತುಂಬಿದರು.

ಅದರಲ್ಲಿ ಇದ್ದದ್ದು ಒಂದೇ ಮೀನು. ಕೆಂಪು ಬಿಳಿ ಪಟ್ಟೆಗಳ, ಬೀಸಣಿಗೆಯಂಥ ರೆಕ್ಕೆಗಳ ಲಯನ್ ಫಿಶ್. ಯಾರೋ ಗಿರಾಕಿ ತರಿಸಿ, ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ ಎಂದು ತಿಳಿದ ಮೇಲೆ ಹೆದರಿ ಬಿಟ್ಟುಹೋದದ್ದನ್ನು ಮಂಡಿ ಮೊಹಲ್ಲಾದ ಅಕ್ವೇರಿಯಂ ಅಂಗಡಿಯವನು ಇವರಿಗೆ ದಾಟಿಸಿದ್ದ. ಅಟೆಂಡರಣ್ಣ ಅದನ್ನು 'ಸಾಹೇಬ್ರು' ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಕಾಫಿ ಹಿಡಿದು ಗಾಜಿನ ಮುಂದೆ ನಿಂತು, "ಏನ್ ಸಾಹೇಬ್ರೆ, ಟಿಫನ್ ತರ್ಲಾ?" ಎನ್ನುವರು. ಸಾಹೇಬರು ರೆಪ್ಪೆಯಿಲ್ಲದ ಕಣ್ಣಲ್ಲಿ ಒಂದೇ ಸಮನೆ ನೋಡುತ್ತಿದ್ದರು. ಊಟಕ್ಕೆ ಕೆಳಗೆ ಕರೆದಾಗ ನಾನು ಆ ಗಾಜಿಗೆ ಬೆನ್ನು ಮಾಡಿಯೇ ಕೂರುತ್ತಿದ್ದೆ. ಬೆನ್ನಿಗೆ ನೋಟ ತಾಕಿದ ಹಾಗಾಗುತ್ತಿತ್ತು.

ಆ ಮೀನು ಸತ್ತ ಆಹಾರ ಮುಟ್ಟುತ್ತಿರಲಿಲ್ಲ. ಎದುರಿಗೆ ಓಡಾಡಬೇಕು, ಆಗಲೇ ಬಾಯಿ ತೆರೆಯುವುದು. ಹಾಗಾಗಿ ಜೀವಂತ ಸೀಗಡಿ. ಕರಾವಳಿಯ ಅಳಿವೆಯೊಂದರಲ್ಲಿ ಬಲೆ ಹಾಕುವವನೊಬ್ಬ ಪ್ಲಾಸ್ಟಿಕ್ ಚೀಲದಲ್ಲಿ ನೀರು ಮತ್ತು ಆಮ್ಲಜನಕ ತುಂಬಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಬೆರಳುದ್ದದ, ಗಾಜಿನ ಹಾಗೆ ಪಾರದರ್ಶಕವಾದ ಜೀವಿಗಳು. ಕಾಣುತ್ತಿದ್ದದ್ದು ಎರಡು ಕರಿ ಕಣ್ಣು, ಒಳಗೆ ಒಂದು ಕರುಳಿನ ಎಳೆ ಮಾತ್ರ. ಅವಕ್ಕೆ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ದೊಡ್ಡ ಟಬ್ಬುಗಳು, ಗುಳುಗುಳು ಗಾಳಿ ಊದುವ ಪಂಪು. ಚೀಲದ ನೀರಿನಿಂದ ಟಬ್ಬಿನ ನೀರಿಗೆ ಒಮ್ಮೆಲೇ ಬಿಟ್ಟರೆ ಸಾಯುತ್ತವೆಂದು ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸುತ್ತಿದ್ದರು. ಪೊರೆ ಕಳಚಿ ಮೈ ಮೆತ್ತಗಾದವನ್ನು ಉಳಿದವು ಕಿತ್ತು ತಿನ್ನುತ್ತವೆಂದು, ಬಚ್ಚಿಟ್ಟುಕೊಳ್ಳಲು ಪೈಪಿನ ತುಂಡು ಹಾಕಿಡುತ್ತಿದ್ದರು. ಸಾಹೇಬರ ಬಾಯಿಗೆ ಹೋಗುವ ಮುನ್ನ ಸೀಗಡಿಗೇ ಹೊಟ್ಟೆ ತುಂಬ ತಿನ್ನಿಸುತ್ತಿದ್ದರು. "ಹಸ್ಕೊಂಡಿರೋ ಸೀಗಡಿ ತಿಂದ್ರೆ ಮೀನಿಗೆ ಸಿಕ್ಕೋದು ಬರೀ ಸಿಪ್ಪೆ ಕಣಮ್ಮ" ಎನ್ನುವುದು ಅವರ ಮಾತು.

ನನ್ನನ್ನು ಆ ಕೋಣೆಗೆ ಎಳೆದದ್ದು ನನ್ನ ಕಣ್ಣು. ನೀರಿನ ತಳದಲ್ಲಿ ಸತ್ತ ಸೀಗಡಿ ಅವರಿಗೆ ಕಾಣುತ್ತಿರಲಿಲ್ಲ. "ಸೂಜಿಗೆ ದಾರ ಹಾಕೋ ಕಣ್ಣು ನಿಂದು. ಒಂದು ಸತ್ತಿದ್ದು ಉಳ್ಕೊಂಡ್ರೆ ಟಬ್ಬೇ ಕೆಟ್ಟೋಯ್ತದೆ, ಬಾರಮ್ಮ" ಎಂದು ಕರೆದರು. ಭಾನುವಾರದ ಬೆಳಗುಗಳು ಹಾಗೆ ಆ ಕೋಣೆಯಲ್ಲಿ ಕಳೆಯತೊಡಗಿದವು. ಸೂಜಿ ಚುಚ್ಚಿದ ನನ್ನ ಬೆರಳುಗಳಿಗೆ ಉಪ್ಪುನೀರು ಚುರ್ರೆನ್ನುತ್ತಿತ್ತು. ಆದರೂ ಇಷ್ಟವಾಗಿತ್ತು. ಊರು ಬಿಟ್ಟು ಬಂದ ಮೇಲೆ ನನ್ನ ಕಣ್ಣು ಒಳ್ಳೆಯದೆಂದು ಹೇಳಿದವರು ಅವರೊಬ್ಬರೇ.

ಅಕ್ಕನಿಗೆ ಆ ಕೋಣೆ ಕಂಡರೆ ಆಗುತ್ತಿರಲಿಲ್ಲ. ಅಟೆಂಡರಣ್ಣನಿಗೆ ಶುಗರ್ ಇತ್ತು. ಹಿಂದೊಮ್ಮೆ ಕಾಲ್ಬೆರಳಿನ ಸಣ್ಣ ಗಾಯ ತಿಂಗಳುಗಟ್ಟಲೆ ವಾಸಿಯಾಗದೆ, ಕೊನೆಗೆ ಬೆರಳನ್ನೇ ತೆಗೆಸಬೇಕಾಗಿ ಬಂದಿತ್ತು. ಆಗಿನಿಂದ ರಬ್ಬರ್ ಗ್ಲೌಸ್ ಇಲ್ಲದೆ ನೀರಿಗೆ ಕೈ ಹಾಕುವುದಿಲ್ಲವೆಂದು ಅಕ್ಕ ಮಾತು ತೆಗೆದುಕೊಂಡಿದ್ದರು. ಇವರು ಗ್ಲೌಸನ್ನು ಬರಿದೇ ನೀರಲ್ಲಿ ಅದ್ದಿ ಬಾಗಿಲ ಮೊಳೆಗೆ ನೇತುಹಾಕುತ್ತಿದ್ದರು, ಹಾಕಿಕೊಂಡಿದ್ದೆ ಎಂದು ತೋರಿಸಲು. "ಗ್ಲೌಸ್ ಹಾಕ್ಕೊಂಡ್ರೆ ನೀರು ಏನ್ ಹೇಳ್ತದೆ ಅಂತ ಕೈಗೆ ಗೊತ್ತಾಗಲ್ಲ" ಎಂದು ನನ್ನ ಕಡೆ ಕಣ್ಣು ಮಿಟುಕಿಸುವರು. ನಾನು ನಗುತ್ತಿದ್ದೆ.

ಕಳೆದ ಬೇಸಿಗೆಯ ಒಂದು ಗುರುವಾರ ಸೀಗಡಿ ಪೆಟ್ಟಿಗೆ ಬರಬೇಕಿತ್ತು. ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತು, ಬೆಳಿಗ್ಗೆ ಬರಬೇಕಾದದ್ದು ಮಧ್ಯಾಹ್ನಕ್ಕೆ ಬಂತು. ಊಟದ ಬಿಡುವಿನಲ್ಲಿ ನಾನೇ ಬಸ್‌ಸ್ಟ್ಯಾಂಡಿನಿಂದ ತಂದೆ. ಪೆಟ್ಟಿಗೆ ಬೆಚ್ಚಗಿತ್ತು. ತೆರೆದರೆ ಚೀಲದ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಅರ್ಧಕ್ಕರ್ಧ ಸತ್ತಿದ್ದವು.

"ಚೆಲ್ಬುಡಿ ಅಣ್ಣ" ಎಂದೆ.

"ಉಸಿರಾಡ್ತಾ ಅವಲ್ಲಮ್ಮ ಇನ್ನೂ" ಎಂದು ಬದುಕಿದ್ದವನ್ನು ಒಂದೊಂದಾಗಿ ಎತ್ತಿ, ಬಾಗಿಲ ಪಕ್ಕದ ಟಬ್ಬಿಗೆ ಬಿಟ್ಟರು.

ಶುಕ್ರವಾರ ಆ ಟಬ್ಬಿನಲ್ಲಿ ಏಳು ಸತ್ತವು. ಶನಿವಾರ ಅದಕ್ಕೂ ಹೆಚ್ಚು. ಗಾಜಿನಂತಿದ್ದ ಮೈ ಬೇಯಿಸಿದ ಹಾಗೆ ಬಿಳುಚಿಕೊಳ್ಳುತ್ತಿತ್ತು. ಮೇವು ಹಾಕಿದರೆ ಓಡಿ ಬರುತ್ತಿದ್ದಂಥವು ಈಗ ಅಂಚಿಗೆ ಒರಗಿ ಮಿಸುಕದೆ ನಿಂತವು. ಆ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಪಂಪು ನಿಂತಾಗಲೆಲ್ಲ ಆ ಕೋಣೆ ಇದ್ದಕ್ಕಿದ್ದಂತೆ ಮೌನವಾಗುತ್ತಿತ್ತು. ಅಟೆಂಡರಣ್ಣ ನೀರನ್ನು ಅಂಗೈಯಲ್ಲಿ ಎತ್ತಿ ಮೂಸಿ ಚೆಲ್ಲುತ್ತಿದ್ದರು. ಸಾಹೇಬರಿಗೆ ಇನ್ನೊಂದು ಟಬ್ಬಿನ ಹಳೆಯ ಸೀಗಡಿಗಳನ್ನೇ ಹಾಕಿದರು.

ಭಾನುವಾರ ಬೆಳಿಗ್ಗೆ ನಾನು ಕೋಣೆಗೆ ಇಳಿದಾಗ ಅವರು ಬಾಗಿಲು ಮುಚ್ಚಿ ಬಲ್ಬು ಆರಿಸಿದರು. ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದರು.

"ಕಣ್ಣಿಗೆ ಕತ್ತಲು ಒಗ್ಗಲಿ. ಈಗ ನೋಡು."

ಮೊದಲು ಏನೂ ಕಾಣಲಿಲ್ಲ. ಆಮೇಲೆ ಟಬ್ಬಿನ ತಳದಲ್ಲಿ ಒಂದು ನೀಲಿ ಚುಕ್ಕೆ, ಪಕ್ಕದಲ್ಲಿ ಇನ್ನೊಂದು. ಸಾಯುತ್ತಿದ್ದ ಸೀಗಡಿಗಳು ಒಳಗಿನಿಂದ ಬೆಳಗುತ್ತಿದ್ದವು. ಮಿಂಚುಹುಳುವಿನ ಹಾಗೆ ಆರಿ ಹತ್ತುವ ಬೆಳಕಲ್ಲ. ತಣ್ಣನೆಯ, ಅಲುಗಾಡದ ಬೆಳಕು. ಒಂದು ಮೆಲ್ಲಗೆ ಹೊರಳಿದಾಗ ಅದರ ಕಾಲುಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು.

"ಎಷ್ಟು ಚೆನ್ನಾಗಿದೆ ಅಣ್ಣ" ಎಂದುಬಿಟ್ಟೆ.

"ಚೆನ್ನಾಗಿಲ್ಲ ಕಣಮ್ಮ." ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಲ್ಯಾಬಲ್ಲಿ ಒಂದ್ಸಲ ಹಿಂಗೇ ಆಗಿತ್ತು. ಕಾಯಿಲೆ ಹಿಡಿದ್ರೆ ಹಿಂಗೆ ಉರೀತವೆ ಅಂತ ಮೇಷ್ಟ್ರು ಹೇಳಿದ್ರು. ಇವತ್ತೇ ಖಾಲಿ ಮಾಡ್ಬೇಕು. ಇಲ್ದಿದ್ರೆ ಆ ಕಡೆ ಟಬ್ಬಿಗೂ ಬತ್ತದೆ."

ಬಲ್ಬು ಹಾಕಿ ಇಬ್ಬರೂ ಕೈ ಹಾಕಿದೆವು. ಗ್ಲೌಸು ಮೊಳೆಯಲ್ಲಿತ್ತು. ಅವರು ಜಾಲರಿಯಲ್ಲಿ ಬಾಚಿ ಬಕೆಟ್ಟಿಗೆ ಹಾಕುತ್ತಿದ್ದರು, ನಾನು ಪೈಪಿನ ತುಂಡುಗಳೊಳಗೆ ಸಿಕ್ಕಿಕೊಂಡವನ್ನು ಬೆರಳಿಂದ ತೆಗೆಯುತ್ತಿದ್ದೆ. ಹಿಂದಿನ ದಿನ ಮೆಷಿನ್ನಿನ ಸೂಜಿ ನನ್ನ ತೋರುಬೆರಳಿನೊಳಗೆ ಇಳಿದಿತ್ತು. ಅದು ನೆನಪಾದದ್ದು ಉರಿ ಹತ್ತಿದಾಗ. ಅಷ್ಟರಲ್ಲಿ ಅವರು "ಸ್ಸ್" ಎಂದು ಕೈ ಎಳೆದುಕೊಂಡರು. ಸೀಗಡಿಯ ತಲೆಯ ಮುಂದೆ ಗರಗಸದಂಥ ಒಂದು ಮುಳ್ಳಿರುತ್ತದೆ. ಅದು ಹೆಬ್ಬೆರಳ ಬುಡಕ್ಕೆ ಚುಚ್ಚಿ ಮುರಿದಿತ್ತು. ಸಾಸಿವೆಯಷ್ಟು ರಕ್ತ.

ಮುಳ್ಳನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು ಉಗಿದರು. ಆಮೇಲೆ ಬಾಗಿಲ ಕಡೆ ನೋಡಿ, "ನಿಮ್ಮಕ್ಕಂಗೆ ಹೇಳ್ಬೇಡ. ಟಬ್ಬು ಎತ್ತಿ ಬೀದಿಗೆ ಎಸೀತಾಳೆ. ನನ್ನಾಣೆ" ಎಂದರು.

"ಹೇಳಲ್ಲ ಅಣ್ಣ" ಎಂದೆ.

ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವರು ಜಗಲಿಯಲ್ಲಿ ಕೂತಿದ್ದರು. ಬಲಗೈಗೆ ಟವೆಲ್ ಸುತ್ತಿಕೊಂಡು ಎಡಗೈಯಲ್ಲಿ ಕಾಫಿ ಲೋಟ ಹಿಡಿದಿದ್ದರು. ಬಿಸಿಲು ಬಿದ್ದಿದ್ದರೂ ಭುಜ ನಡುಗುತ್ತಿತ್ತು. ನನ್ನ ಕಣ್ಣು ಟವೆಲ್ಲಿನ ಮೇಲೆ ನಿಂತದ್ದು ಕಂಡು, ಲೋಟ ಕೆಳಗಿಟ್ಟು ತುಟಿಯ ಮೇಲೆ ಬೆರಳಿಟ್ಟರು. ಒಳಗೆ ಅಕ್ಕ ಒಗ್ಗರಣೆ ಹಾಕುವ ಸದ್ದು ಕೇಳುತ್ತಿತ್ತು. ಎರಡು ಹೆಜ್ಜೆ ಇಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅಕ್ಕನ ಫೋನು ಬಂತು. "ಮೈ ಸುಡ್ತಾ ಅದೆ, ಏನೇನೋ ಬಡಬಡಿಸ್ತಾವ್ರೆ. ಆಸ್ಪತ್ರೆಗೆ ಕರ್ಕೊಂಡು ಬಂದ್ಬುಟ್ಟೆ. ಬಾರೇ."

ಆಟೋದಲ್ಲಿ ಹೋಗುವಾಗ ನನ್ನ ತೋರುಬೆರಳು ಮಿಡಿಯುತ್ತಿತ್ತು. ಬೆಳಗಿನಿಂದಲೇ ಕತ್ತರಿ ಹಿಡಿಯಲು ಆಗಿರಲಿಲ್ಲ. ಸೂಜಿ ಚುಚ್ಚಿದ್ದಕ್ಕೆ ಎಂದುಕೊಂಡಿದ್ದೆ.

ಅವರ ಕೈಯನ್ನು ನೋಡಿದಾಗ ನನಗೆ ಗುರುತು ಸಿಗಲಿಲ್ಲ. ಮೊಣಕೈವರೆಗೆ ಊದಿ, ಹೆಬ್ಬೆರಳ ಸುತ್ತ ನೇರಳೆಗಪ್ಪು ಗುಳ್ಳೆಗಳೆದ್ದಿದ್ದವು. ಏನಾಯಿತೆಂದು ಡಾಕ್ಟರು ಕೇಳಿದ್ದಕ್ಕೆ, ಹಿತ್ತಲಲ್ಲಿ ತಂತಿ ಚುಚ್ಚಿತು ಎಂದು ಅವರು ಹೇಳಿದ್ದರಂತೆ. ಅಕ್ಕನೂ ಅದನ್ನೇ ನಂಬಿದ್ದರು. ನಾನು ಮಂಚದ ಕಾಲಬಳಿ ನಿಂತೆ. ನಿಜ ಗೊತ್ತಿದ್ದೂ ಹೇಳಲಿಲ್ಲ. ಆಣೆ ಎನ್ನುವುದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಅಕ್ಕ ಕೇಳುತ್ತಾರಲ್ಲ ಎಂಬ ಅಂಜಿಕೆ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ನೋಟ ಕೆಳಗಿಳಿದು ನನ್ನ ಬಲಗೈಯ ಮೇಲೆ ನಿಂತಿತು. ನಾನು ಕೈಚೀಲವನ್ನು ಎಡಗೈಯಲ್ಲಿ ಹಿಡಿದದ್ದು ಅವರಿಗೆ ತಿಳಿಯಿತು.

"ಕೈ ತೋರ್ಸು."

ತೋರಿಸಿದೆ. ಬೆರಳು ದಪ್ಪಗಾಗಿ, ಅಲ್ಲಿಂದ ಒಂದು ಕೆಂಪು ಗೆರೆ ಮಣಿಕಟ್ಟಿನ ಕಡೆ ಹೊರಟಿತ್ತು. ನಾನೇ ಆ ಗೆರೆಯನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರು ಎಡಮೊಣಕೈ ಊರಿ ಎದ್ದು ಕೂತರು. ಆ ಜ್ವರದಲ್ಲಿ ಎಲ್ಲಿಂದ ಬಲ ಬಂತೋ, "ಡಾಕ್ಟ್ರೇ!" ಎಂದು ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು.

ಡಾಕ್ಟರು ಓಡಿ ಬಂದರು. "ತಂತಿ ಅಲ್ಲ ಸಾರ್, ಸುಳ್ಳು ಹೇಳ್ದೆ. ಸಮುದ್ರದ ಸೀಗಡಿ. ಮನೇಲಿ ಸಾಕಿದ್ದೆ, ಕಾಯಿಲೆ ಬಿದ್ದಿದ್ವು, ಅದರ ಮುಳ್ಳು. ಈ ಹುಡುಗಿ ಕೈನೂ ಅದೇ ನೀರಲ್ಲಿತ್ತು. ನನ್ನ ಬುಡಿ, ಮೊದ್ಲು ಇವಳ್ನ ನೋಡಿ. ಹೊಲಿಗೆ ಮಾಡಿ ಬದುಕೋ ಕೈ ಸಾರ್ ಅದು."

ಡಾಕ್ಟರ ಮುಖ ಬದಲಾದದ್ದನ್ನು ನಾನು ನೋಡಿದೆ. ಔಷಧಿಗಳೆಲ್ಲ ಬದಲಾದವು. ಉಪ್ಪುನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಇರಬೇಕು, ಸಮುದ್ರವಿಲ್ಲದ ಊರಿನಲ್ಲಿ ಅದು ತಲೆಗೇ ಬಂದಿರಲಿಲ್ಲ ಎಂದರು. ಕತ್ತಲಲ್ಲಿ ಕಂಡ ಆ ಬೆಳಕಿಗೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ಅವರಿಗೂ ಖಚಿತವಿರಲಿಲ್ಲ. ಆ ಸಂಜೆಯೇ ನನ್ನ ಬೆರಳನ್ನು ಸೀಳಿ ಕೀವು ತೆಗೆದರು. ಇನ್ನೊಂದು ದಿನ ತಡವಾಗಿದ್ದರೆ ಬೆರಳು ಉಳಿಯುತ್ತಿರಲಿಲ್ಲ, ಹೆಚ್ಚಿನದೂ ಹೋಗಬಹುದಿತ್ತು ಎಂದರು. ಅಟೆಂಡರಣ್ಣನ ಕೈಯನ್ನು ಮರುದಿನ ಮೊಣಕೈಗಿಂತ ಮೇಲೆ ಕತ್ತರಿಸಿದರು. ಆದರೆ ನಂಜು ರಕ್ತಕ್ಕೆ ಸೇರಿಯಾಗಿತ್ತು. ಬುಧವಾರ ಮಧ್ಯಾಹ್ನ ಹೋಗಿಬಿಟ್ಟರು. ನಾನು ಮೇಲಿನ ಅಂತಸ್ತಿನ ಹೆಂಗಸರ ವಾರ್ಡಿನಲ್ಲಿದ್ದೆ. ಅಕ್ಕನೇ ಮೆಟ್ಟಿಲು ಹತ್ತಿ ಬಂದು ಹೇಳಿದರು.

ಅವರನ್ನು ಮಣ್ಣು ಮಾಡಿದ ಮರುದಿನ ನನ್ನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಸಾಹೇಬರಿಗೆ ಉಳಿದ ಟಬ್ಬಿನ ಸೀಗಡಿಗಳನ್ನು ಅಕ್ಕನೇ ಗ್ಲೌಸ್ ತೊಟ್ಟು ಹಾಕುತ್ತಿದ್ದರು, ಅಳದೆ, ತುಟಿ ಬಿಗಿದು. ಹನ್ನೊಂದನೇ ದಿನದ ತಿಥಿ ಕಳೆದ ಮೇಲೆ ಮಂಡಿ ಮೊಹಲ್ಲಾದ ಅಂಗಡಿಯವನು ಬಂದು ಮೀನನ್ನೂ ಸೀಗಡಿಗಳನ್ನೂ ತೆಗೆದುಕೊಂಡು ಹೋದ. ಮೆಟ್ಟಿಲ ಕೆಳಗಿನ ಕೋಣೆಯನ್ನು ಅಕ್ಕ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿ ಬೀಗ ಹಾಕಿದರು.

ನನ್ನ ಬಲಗೈಗೆ ಮೂರು ವಾರ ಬ್ಯಾಂಡೇಜಿತ್ತು. ಆ ಮನೆಯಲ್ಲಿ ಮಧ್ಯಾಹ್ನಕ್ಕೆ ಮುದ್ದೆ. ಚಮಚದಲ್ಲಿ ತಿನ್ನುವಂಥದ್ದಲ್ಲ. ಎಡಗೈಯಲ್ಲಿ ತಿನ್ನಲು ನಾನು ಪೇಚಾಡುವುದನ್ನು ಕಂಡು ಅಕ್ಕ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, ಮುದ್ದೆ ಮುರಿದು, ಸಾರಿಗೆ ಅದ್ದಿ ನನ್ನ ಬಾಯಿಗಿಟ್ಟರು. ಮೂರು ವಾರ, ದಿನವೂ ಹಾಗೇ. ನಾನು ಬದುಕಿದ್ದು ಅಟೆಂಡರಣ್ಣನ ಮಾತಿನಿಂದ, ಅವರು ಸತ್ತದ್ದು ನನ್ನ ಮೌನದಿಂದ ಎಂದು ಒಳಗೇ ಕೊರೆಯುತ್ತಿತ್ತು. ಹೇಳುವ ಧೈರ್ಯ ಬರಲಿಲ್ಲ.

ಚಳಿಗಾಲ ಬಂತು. ಒಂದು ಭಾನುವಾರ ಜಗಲಿಯ ಬಿಸಿಲಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ತಲೆ ಎತ್ತದೆ ಹೇಳಿಬಿಟ್ಟೆ.

"ಅಕ್ಕ, ಮುಳ್ಳು ಚುಚ್ಚಿದ್ದು ನಂಗೆ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಟವೆಲ್ ಸುತ್ಕೊಂಡಿದ್ದನ್ನೂ ನೋಡ್ದೆ. ನೀವು ಒಳಗೇ ಇದ್ರಿ. ಹೇಳ್ಲಿಲ್ಲ."

ಅಕ್ಕನ ಕೈ ನಿಲ್ಲಲಿಲ್ಲ. ಇನ್ನೊಂದು ಕಾಯಿ ಬಿಡಿಸಿದರು. ಕಾಳು ಮೊರಕ್ಕೆ ಬಿತ್ತು.

"ಗೊತ್ತು ಕಣೇ" ಎಂದರು. "ನಿನ್ನ ಬೆರಳು ಕುಯ್ಯೋಕೆ ಕರ್ಕೊಂಡೋದ್ರಲ್ಲ, ಆಗ್ಲೇ ಎಲ್ಲ ಹೇಳಿದ್ರು. 'ಅವಳ ಬಾಯಿ ಕಟ್ಟಿದ್ದು ನಾನು, ಅವಳ್ನ ಏನೂ ಅನ್ಬೇಡ' ಅಂದ್ರು. ನಂಗೆ ಸಿಟ್ಟು ಬರ್ಲಿಲ್ಲ ಅಂದ್ಕೋಬೇಡ. ಬಂತು. ಬಾಳಾನೇ ಬಂತು."

ಅಷ್ಟು ಹೇಳಿ ಸಿಪ್ಪೆ ಬಾಚಿಕೊಂಡು ಒಳಗೆ ಹೋದರು. ನಾನು ಕೂತಲ್ಲೇ ದಿನಗಳನ್ನು ಹಿಂದಕ್ಕೆ ಎಣಿಸಿದೆ. ಮೊದಲ ತುತ್ತು ನನ್ನ ಬಾಯಿಗಿಟ್ಟದ್ದು ಅಟೆಂಡರಣ್ಣನನ್ನು ಮಣ್ಣು ಮಾಡಿದ ಮರುದಿನ. ನಾನು ಕಣ್ಣು ತಪ್ಪಿಸಿಕೊಂಡು ಬಾಯಿ ತೆರೆದಿದ್ದೆ. ಆ ಹೊತ್ತಿಗೆ ಅಕ್ಕನಿಗೆ ಎಲ್ಲವೂ ಗೊತ್ತಿತ್ತು.