ಎರಡು ಬಾಗಿಲಿನ ಕಾರಿನ ಹಿಂದಿನ ಸೀಟು

ದೆವ್ವ, ಪೀಡೆ, ಸತ್ತವರ ಆತ್ಮ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವ ಸ್ವಭಾವದವನು. ದಾವಣಗೆರೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ವರ್ಷಗಟ್ಟಲೆ ಎಂಜಿನ್ನು, ಗೇರು, ಆಕ್ಸಲ್ಲುಗಳ ಪಾಠ ಮಾಡಿದವನು ಬೇರೆ. ಸದ್ದು ಬಂದರೆ ಅದಕ್ಕೊಂದು ಕಾರಣ ಇರಲೇಬೇಕು, ಕಾರಣ ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲ ಎಂದೇ ಅರ್ಥ ಎಂದು ಹುಡುಗರಿಗೆ ಹೇಳುತ್ತಿದ್ದೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಹೆಂಡತಿ ಗಿರಿಜಾಳಿಗೆ ಆಗ ಆರು ತಿಂಗಳು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವ ಹಾಗಿರಲಿಲ್ಲ, ಕಾರು ಬೇಕಾಯಿತು. ನಿಜಲಿಂಗಪ್ಪ ಬಡಾವಣೆಯ ನಮ್ಮ ಬೀದಿಯಲ್ಲಿ ಕಾರು ಕೊಂಡವರೆಲ್ಲ ಒಂದೇ ಥರದ ಸಣ್ಣ ಬಿಳಿ ಕಾರು ತಂದಿದ್ದರು. ನಾನೂ ಅದನ್ನೇ ತಂದಿದ್ದರೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಎಳೆಯುವುದೂ ಮುಂದಿನ ಚಕ್ರ, ತಿರುಗುವುದೂ ಮುಂದಿನ ಚಕ್ರ ಎಂಬ ಗಾಡಿ ನನ್ನ ಕಣ್ಣಿಗೆ ಗಾಡಿಯೇ ಅಲ್ಲ. ಹಿಂದಿನ ಚಕ್ರ ತಳ್ಳಬೇಕು, ಮುಂದಿನದು ದಾರಿ ತೋರಿಸಬೇಕು. ಕ್ಲಾಸಿನಲ್ಲಿ ಇದನ್ನೇ ಹೇಳಿ ಹೇಳಿ ನನಗೇ ಅದರ ಹುಚ್ಚು ಹಿಡಿದಿತ್ತು.

ಹರಿಹರದಲ್ಲಿ ಅಂಥದೊಂದು ಕೂಪೆ ಮಾರಾಟಕ್ಕಿದೆ ಎಂದು ತಿಳಿಯಿತು. ಎರಡೇ ಬಾಗಿಲು, ಇಳಿಜಾರು ಬೆನ್ನು, ಕಡುನೀಲಿ ಬಣ್ಣ, ನನಗಿಂತ ನಾಲ್ಕೈದು ವರ್ಷ ಮಾತ್ರ ಚಿಕ್ಕದು. ಮಾಲೀಕರು ರುದ್ರಪ್ಪನವರು, ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಬಾಗುತ್ತಿತ್ತು. ಮುಂದಿನ ಟೈರಿನ ಮೇಲೆ ಕೂತುಕೊಂಡೇ ಎಂಜಿನ್ ರಿಪೇರಿ ಮಾಡಬಹುದು. ಅದನ್ನು ನೋಡಿದ ಮೇಲೆ ನನಗೆ ಬೇರೆ ಯಾವ ಕಾರೂ ಕಣ್ಣಿಗೆ ಬೀಳಲಿಲ್ಲ.

ಎರಡು ಕೊರತೆ ಮಾತ್ರ ಕಂಡವು. ಒಂದು, ಹಿಂಭಾಗ ಎಡಕ್ಕೆ ಎರಡು ಬೆರಳು ಕುಗ್ಗಿತ್ತು. ಇನ್ನೊಂದು, ಮುಂದಿನ ಎಡ ಸೀಟಿಗೆ ಕೊಂಡಿ ಇರಲಿಲ್ಲ. ಇಂಥ ಕಾರಿನಲ್ಲಿ ಮುಂದಿನ ಎಡ ಸೀಟು ಮಡಚಿದರೆ ಮಾತ್ರ ಹಿಂದೆ ಕೂತವರು ಇಳಿಯಬಹುದು. ಬ್ರೇಕ್ ಹಾಕಿದಾಗ ಸೀಟು ತಾನಾಗಿ ಮಡಚಿಕೊಳ್ಳದಿರಲಿ ಎಂದು ಕೆಳಗೊಂದು ಕೊಂಡಿ ಇರುತ್ತದೆ, ಹಿಂದೆ ಕೂತವರ ಕೈಗೆ ಅದು ಎಟುಕದು. ಇಲ್ಲಿ ಸ್ಕ್ರೂ ತೂತುಗಳಷ್ಟೇ ಉಳಿದಿದ್ದವು.

"ನಾನೇ ಕಿತ್ತು ಹಾಕೀನ್ರಿ ಮೇಷ್ಟ್ರೇ," ಎಂದರು ರುದ್ರಪ್ಪನವರು. "ನೀವೂ ಹಾಕಬ್ಯಾಡ್ರಿ."

ಯಾಕೆಂದು ಕೇಳಿದೆ. ಸ್ಕ್ರೂ ತೂತಿನ ಮೇಲೆ ಬೆರಳಾಡಿಸುತ್ತ ಹೇಳಿದರು. ಅವರ ಮನೆಯಲ್ಲಿ ಕಾರು ಹತ್ತಿದರೆ ಅತ್ತೆ ಮುಂದೆ, ಸೊಸೆ ಹಿಂದೆ; ಎಂದರೆ ಅವರ ತಾಯಿ ಮುಂದೆ, ಹೆಂಡತಿ ಹಿಂದೆ. ಒಮ್ಮೆ ಮಾಯಕೊಂಡದಲ್ಲಿ ಬೀಗರ ಮನೆ ಮದುವೆ. ತಾಯಿ ಇಳಿದರು, ಇವರೂ ಇಳಿದರು, ಸೀಟು ಮಡಚದೆ ಹಾಗೇ ಉಳಿಯಿತು. ಹೆಂಡತಿ ಹೆಂಗಸರ ಜೊತೆ ಇದ್ದಾಳೆಂದು ಇವರು, ಗಂಡನ ಜೊತೆ ಬರುತ್ತಾಳೆಂದು ತಾಯಿ ಅಂದುಕೊಂಡರು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದು ನೋಡಿದರೆ ಆಕೆ ಉರಿಬಿಸಿಲಲ್ಲಿ, ಹಿಂದಿನ ಸೀಟಿನಲ್ಲೇ ಕೂತಿದ್ದರು.

"ಯಾಕ ಕೂಗ್ಲಿಲ್ಲ ಅಂದೆ. ಏನಂತ ಕೂಗ್ಲಿ ಅಂದ್ಲು. ಗಂಡನ ಹೆಸರು ಹಿಡಿಯಂಗಿಲ್ಲ, ಅತ್ತೇನ ಕರಿಯಂಗಿಲ್ಲ, ಬೀಗರ ಮನೆ ಮುಂದೆ ಬಾಯಿ ಮಾಡಂಗಿಲ್ಲ. ಏನಂತ ಕೂಗ್ಬೇಕ್ರಿ ಆಕಿ?"

ಆಕೆ ಅದರಿಂದೇನೂ ಸಾಯಲಿಲ್ಲ. ಆಮೇಲೂ ವರ್ಷಗಟ್ಟಲೆ ಅದೇ ಸೀಟಿನಲ್ಲಿ ಓಡಾಡಿದರಂತೆ, ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲವಂತೆ. ಕಾಯಿಲೆಯಿಂದ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಆದರೂ ರುದ್ರಪ್ಪನವರು ಗಾಡಿ ನಿಲ್ಲಿಸಿದಾಗಲೆಲ್ಲ ಆ ಸೀಟು ಮಡಚಿ ಒಂದು ಗಳಿಗೆ ನಿಲ್ಲುತ್ತಿದ್ದರು. "ನೀವೂ ಹಂಗೇ ಮಾಡ್ರಿ, ಖರ್ಚೇನೈತೆ ಅದ್ರಾಗ," ಎಂದರು. ನನಗೆ ಮರುಕವಾಯಿತು, ಆಗಲಿ ಎಂದೆ. ಮಾಡಲಿಲ್ಲ. ಬಸುರಿ ಹೆಂಗಸಿಗೆ ಇಂಥದ್ದೆಲ್ಲ ಯಾಕೆ ಎಂದು ಗಿರಿಜಾಳಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ.

ಕಾರು ಮನೆಗೆ ಬಂದಾಗ ಅವ್ವ ಸುತ್ತ ಒಂದು ಸಲ ಬಂದು, "ಹಿಂದೆ ಕೂತೋರು ಇಳಿಯೋದು ಹೆಂಗಪ್ಪಾ? ಇಷ್ಟು ಓದಿ ಇದನ್ನ ತಂದ್ಯಾ?" ಎಂದಳು. ಗಿರಿಜಾ ನಕ್ಕು ಹಿಂದೆ ಹತ್ತಿ ಕೂತಳು. ಅವ್ವನಿಗೆ ಮಂಡಿನೋವು, ಮುಂದಿನ ಸೀಟು ಅವಳದೇ ಆಯಿತು. ನೋಡಿ, ನಮ್ಮ ಮನೆಯಲ್ಲೂ ಅದೇ ವ್ಯವಸ್ಥೆ. ಆಗ ನನಗೆ ಅದು ಹೊಳೆಯಲೇ ಇಲ್ಲ.

ಎರಡನೇ ವಾರದಲ್ಲಿ ಒಂದು ಟ್ರ್ಯಾಕ್ಟರ್ ಅಡ್ಡ ಬಂದು ಬ್ರೇಕ್ ಹಾಕಿದೆ. ಸೀಟು ಮಡಚಿಕೊಂಡು ಅವ್ವನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಮರುದಿನವೇ ಕಾಲೇಜಿನ ವರ್ಕ್‌ಶಾಪಿನಲ್ಲಿ ಗಟ್ಟಿ ಕೊಂಡಿಯೊಂದನ್ನು ಮಾಡಿದೆ. ಸೀಟಿನ ಮುಂಭಾಗದಲ್ಲಿ, ಕೆಳಗೆ, ಸ್ಪ್ರಿಂಗ್ ಬಿಗಿದ ಉಕ್ಕಿನ ಪಿನ್ನು. ಬಗ್ಗಿ ಎಳೆದು, ಕಾಲು ಸುತ್ತು ತಿರುಗಿಸಿದರೆ ಮಾತ್ರ ಹೊರಗೆ ಬರುತ್ತದೆ. ಹಿಂದೆ ಕೂತು ಕೈ ಚಾಚಿ ನೋಡಿದೆ. ಒಂದು ಗೇಣು ದೂರವೇ ಉಳಿಯುತ್ತಿತ್ತು. ಕೆಲಸ ಚೆನ್ನಾಗಿ ಬಂದಿದೆ ಎಂದು ಹೆಮ್ಮೆಪಟ್ಟೆ. ಎಡಗಡೆ ಕುಗ್ಗಿದ್ದ ಹಿಂಭಾಗಕ್ಕೆ ಸ್ಪ್ರಿಂಗಿನ ಪಟ್ಟಿಗಳನ್ನೂ ಬದಲಾಯಿಸಿದೆ. ಆದರೆ ಅದು ಆ ಎರಡು ಬೆರಳು ಏಳಲೇ ಇಲ್ಲ.

ಗಿರಿಜಾಳಿಗೆ ಏಳು ತುಂಬಿದಾಗ ಕಡರನಾಯಕನಹಳ್ಳಿಯಲ್ಲಿ ಅವ್ವನ ಕಡೆಯವರ ಗೃಹಪ್ರವೇಶ ಬಂತು. ಹೋದೆವು. ದಾರಿಯಲ್ಲಿ ಗಿರಿಜಾ ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆ ಹೋಗಿದ್ದಳು. ಧೂಳು ಬರುತ್ತದೆಂದು ಗಾಜು ಏರಿಸಿದ್ದೆವು. ಮನೆ ಮುಂದೆ ನಿಲ್ಲಿಸಿದ್ದೇ ತಡ, ನಾಲ್ಕೈದು ಹೆಂಗಸರು ಬಂದು ಅವ್ವನನ್ನು ಕೈಹಿಡಿದು ಇಳಿಸಿ, ಬಾಗಿಲು ಹಾಕಿ, ಒಳಗೆ ಕರೆದುಕೊಂಡು ಹೋದರು. ನಾನು ಸೀಟು ಮಡಚಬೇಕೆಂದು ಆ ಕಡೆ ಹೊರಟೆ. ಅಷ್ಟರಲ್ಲಿ ಗಂಡಸರು ಸುತ್ತ ನಿಂತರು. "ಎಂಜಿನ್ ತೋರಿಸ್ರಿ ಮೇಷ್ಟ್ರೇ, ಬಾನೆಟ್ಟು ಉಲ್ಟಾ ತೆಗಿತೈತಂತೆ!" ಎಂದ ಒಬ್ಬ.

ಇಲ್ಲಿ ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ. ಬಾನೆಟ್ಟು ಎತ್ತಿದೆ. ಹಿಂದಿನ ಚಕ್ರ ಯಾಕೆ ತಳ್ಳಬೇಕೆಂದು ಅರ್ಧ ಕ್ಲಾಸು ತೆಗೆದುಕೊಂಡೆ. ಎಲ್ಲರೂ ಎಂಜಿನ್ನಿನ ಮೇಲೆ ಬಗ್ಗಿದ್ದರು, ಕಾರಿನ ಒಳಗೆ ಯಾರೂ ನೋಡಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಎಲೆ ಹಾಕಿದ್ದಾರೆ ಬರ್ರಿ ಎಂದು ಕೂಗು ಬಂತು. ಬಾನೆಟ್ಟು ಇಳಿಸಿ ಮಾತಾಡುತ್ತಲೇ ಒಳಗೆ ನಡೆದೆ.

ಗಂಡಸರದು ಪಡಸಾಲೆಯಲ್ಲಿ ಪಂಕ್ತಿ, ಹೆಂಗಸರದು ಹಿತ್ತಲಲ್ಲಿ. ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು. ಎರಡನೇ ಹೋಳಿಗೆಗೆ ಕೈ ಅಡ್ಡ ಹಿಡಿದಾಗ, ಕರೆಯದೆ ಬಂದ ಹಾಗೆ ಒಂದು ಮಾತು ತಲೆಯೊಳಗೆ ಬಂತು. ಏನಂತ ಕೂಗ್ಲಿ. ಗಿರಿಜಾಳನ್ನು ನಾನು ಇಳಿಸಿಯೇ ಇರಲಿಲ್ಲ. ಪಂಕ್ತಿಯ ಮಧ್ಯೆ ಏಳಬಾರದು, ಬಡಿಸಿದವರಿಗೆ ಅವಮಾನ. ಎದ್ದು ಎಂಜಲುಗೈಯಲ್ಲೇ ಓಡಿದೆ. ಆ ನಾಲ್ಕು ಮಾರು ದಾರಿಯಲ್ಲಿ ನಾನು ಪಟ್ಟ ಭಯವನ್ನು ಆಮೇಲೆ ಎಂದೂ ಪಟ್ಟಿಲ್ಲ.

ಕಾರಿನ ಎಡ ಬಾಗಿಲು ತೆರೆದಿತ್ತು. ಸೀಟು ಮಡಚಿಕೊಂಡಿತ್ತು. ಗಿರಿಜಾ ಎದುರಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಕುಪ್ಪಸ ಬೆವರಿಗೆ ತೊಯ್ದಿತ್ತು, ಅಷ್ಟೇ.

"ಯಾರು ಸೀಟು ಮಡಚಿದ್ದು?" ಎಂದೆ.

"ಯಾರೋ ಏನೋ. ಎಚ್ಚರ ಆದಾಗ ಉಸಿರು ಕಟ್ತಿತ್ತು. ಗಾಜಿಗೆ ಬಡಿದೆ, ಯಾರೂ ಇರಲಿಲ್ಲ. ಆಮೇಲೆ ಟಕ್ಕಂತ ಸದ್ದಾತು, ಸೀಟು ತಾನೇ ಮುಂದಕ್ಕೆ ಬಾಗ್ತು, ಬಾಗಿಲೂ ತೆರ್ಕೊಂತು."

"ಆಗ ಇಳಿದ್ಯಾ?"

"ಇಲ್ರೀ. ಒಂದು ಗಳಿಗೆ ತಡದೆ."

"ಯಾಕೆ?"

ಅವಳು ಸ್ವಲ್ಪ ಸಂಕೋಚಪಟ್ಟಳು. "ನನ್ನ ಪಕ್ಕದಿಂದ ಯಾರೋ ಎದ್ದಂಗಾತು. ಗಾಡಿ ಒಂದು ಸಲ ಮ್ಯಾಲೆ ಬಂತು. ದೊಡ್ಡೋರು ಇರಬೇಕು, ಮೊದಲು ಅವರು ಇಳೀಲಿ ಅಂತ ಸುಮ್ನಿದ್ದೆ."

ಪಿನ್ನು ಕಾಲಡಿಯ ಮ್ಯಾಟಿನ ಮೇಲಿತ್ತು. ಬಾಗಿರಲಿಲ್ಲ, ಸವೆದಿರಲಿಲ್ಲ. ಅವ್ವ ನಾನಲ್ಲ ಎಂದಳು. ಅವಳ ಮಂಡಿ ಅಷ್ಟು ಬಗ್ಗುವುದೂ ಇಲ್ಲ. ಮನೆಯವರನ್ನೆಲ್ಲ ಕೇಳಿದೆ, ಕಾರಿನ ಹತ್ತಿರ ಯಾರೂ ಹೋಗಿರಲಿಲ್ಲ. ದಾವಣಗೆರೆಗೆ ಬಂದು ಸಮತಟ್ಟು ನೆಲದ ಮೇಲೆ ನಿಲ್ಲಿಸಿ ಹಿಂದಿನ ಮಡ್‌ಗಾರ್ಡುಗಳನ್ನು ಅಳೆದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸವಿರಲಿಲ್ಲ. ನಂಬಿಕೆ ಬಾರದೆ ಮರುದಿನ ಬೆಳಿಗ್ಗೆ ಇನ್ನೊಮ್ಮೆ ಅಳೆದೆ.

ಅದೇ ವಾರ ಹರಿಹರಕ್ಕೆ ಹೋಗಿ ರುದ್ರಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಕೊಂಡಿ ಹಾಕಿದ್ದಕ್ಕೆ ಬೈಯಬಹುದು ಎಂದುಕೊಂಡಿದ್ದೆ. ಬೈಯಲಿಲ್ಲ. ಎದ್ದು ಬಂದು ಕಾರಿನ ಎಡ ಹಿಂಭಾಗದ ಮೇಲೆ ಅಂಗೈ ಇಟ್ಟು ಒತ್ತಿದರು, ಬಿಟ್ಟರು. ಅದು ಮೇಲೆ ಬಂದು ಸರಿಯಾಗಿ ನಿಂತಿತು.

"ನಾನು ನಾಲ್ಕು ವರ್ಷ ಮಡಚಿದೆ, ಆಕಿ ಇಳೀಲಿಲ್ಲ," ಎಂದರು. "ನಿಮ್ಮ ಮನೆಯಾಕಿ ದಾರಿ ಬಿಟ್ಟು ಕೂತ್ಲು ನೋಡ್ರಿ, ಇಳಿದ್ಲು." ಆಮೇಲೆ ಗೋಡೆ ಕಡೆ ತಿರುಗಿ ಅತ್ತರು.

ಸ್ಪ್ರಿಂಗಿನ ಪಟ್ಟಿ ತಡವಾಗಿ ಕೂತಿರಬಹುದು. ಪಿನ್ನು ಅವತ್ತು ಪೂರ್ತಿ ಒಳಗೆ ಹೋಗಿರಲಿಕ್ಕಿಲ್ಲ. ಇಷ್ಟು ವರ್ಷ ಇವನ್ನೇ ತಿರುವಿ ತಿರುವಿ ನೋಡಿದ್ದೇನೆ, ಎರಡೂ ಒಂದೇ ದಿನ ಆದದ್ದು ಮಾತ್ರ ಲೆಕ್ಕಕ್ಕೆ ಹೊಂದುವುದಿಲ್ಲ. ಗಿರಿಜಾಳಿಗೆ ಆದ ಅನುಭವಕ್ಕಂತೂ ನನ್ನಲ್ಲಿ ಪಾಠವಿಲ್ಲ. ಈಗಿನ ನಮ್ಮ ಕಾರಿಗೆ ನಾಲ್ಕು ಬಾಗಿಲು. ಗಿರಿಜಾ ಮುಂದೆ ಕೂರುತ್ತಾಳೆ. ಆದರೂ ಎಲ್ಲಿಗೆ ಹೋದರೂ ಇಳಿದ ಮೇಲೆ ನಾನು ಹಿಂದಿನ ಎಡ ಬಾಗಿಲು ತೆರೆದು ಒಂದು ಗಳಿಗೆ ನಿಲ್ಲುತ್ತೇನೆ. ಯಾಕೆಂದು ಅವಳು ಈವರೆಗೆ ಕೇಳಿಲ್ಲ. ಅವಳೂ ನನ್ನ ಜೊತೆ ನಿಲ್ಲುತ್ತಾಳೆ.