ಲಾಕರಿನಲ್ಲಿರುವ ಬ್ಯಾಡ್ಜು

ಒದ್ದೆ ವಿಭೂತಿಯಿಂದ ಬೆಳ್ಳಿ ಉಜ್ಜುವಾಗ ಏಳುವ ವಾಸನೆ ಇದೆಯಲ್ಲ, ಅದು ಮೂಗಿಗೆ ಬಿದ್ದರೆ ಸಾಕು, ಕೆಲ್ಲಿವಿಲ್‌ನ ಈ ಅಡುಗೆಮನೆ ಮರೆತುಹೋಗಿ ನಾನು ಡ್ಯಾಂಡಿನಾಂಗ್‌ನ ನಮ್ಮ ಹಳೆಯ ಬಾಡಿಗೆ ಮನೆಯಲ್ಲಿರುತ್ತೇನೆ. ಇಲ್ಲಿ ನನ್ನೆದುರು ಮೇಜಿನ ತುಂಬ ಬೆಳ್ಳಿಯ ಬ್ಯಾಡ್ಜುಗಳು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುವಾಗ ಜನರನ್ನು ಕಾಪಾಡುತ್ತಿದ್ದ ನಾಗರಿಕ ರಕ್ಷಣಾ ದಳದವರು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದಂಥವು. ಮೇಲೊಂದು ಕಿರೀಟ, ಕೆಳಗೆ ಮೂರು ಅಕ್ಷರ. ಭಾನುವಾರದ ಮಾರ್ಕೆಟ್‌ಗಳಲ್ಲಿ ಹುಡುಕಿ ಕೊಳ್ಳುತ್ತೇನೆ. ಉಜ್ಜಿದರೆ ಬೆಲೆ ಹೋಗುತ್ತದೆ ಎಂದು ಮಾರುವವರು ಬಾಯಿ ಬಡಿದುಕೊಳ್ಳುತ್ತಾರೆ. ಹೋಗಲಿ ಬಿಡಿ, ನಾನೇನು ಮಾರುವವಳೇ?

ಡ್ಯಾಂಡಿನಾಂಗ್‌ನ ಪಕ್ಕದ ಮನೆಯ ಎಲನ್ ಆಂಟಿ ಹರೆಯದಲ್ಲಿ ಲಂಡನ್ನಿನಲ್ಲಿ ಆ ದಳದಲ್ಲಿದ್ದು, ಆಮೇಲೆ ಈ ದೇಶಕ್ಕೆ ಬಂದವರು. ನನ್ನ ನಾಮಕರಣದ ದಿನ ತಮ್ಮ ಬ್ಯಾಡ್ಜನ್ನು ತಂದು ತೊಟ್ಟಿಲ ಬಟ್ಟೆಗೆ ಸಿಕ್ಕಿಸಿದರಂತೆ, ಮಗುವಿಗೆ ಕಾವಲಿರಲಿ ಎಂದು. ನಮ್ಮ ಜೊತೆಗಿದ್ದ ಅಜ್ಜಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಮಗುವಿಗೆ ಬೆಳ್ಳಿ ಕೊಟ್ಟಿದ್ದಾರೆ ಅಂದರೆ ಗೆಜ್ಜೆ ಮಾಡಿಸಲಿಕ್ಕೇ ಅಂದುಕೊಂಡಳು. ಮುಂದೆ ಉಡುಪಿಗೆ ಹೋದಾಗ, ಜಜ್ಜಿಹೋದ ಕುಂಕುಮದ ಬಟ್ಟಲಿನ ಜೊತೆ ಅದನ್ನೂ ಅಕ್ಕಸಾಲಿಗೆ ಕೊಟ್ಟು ಕರಗಿಸಿ, ನನಗೆ ಕಾಲ್ಗೆಜ್ಜೆ ಮಾಡಿಸಿ ತಂದಳು. ಆ ಸದ್ದು ಕೇಳಿದರೆ ಸಾಕು, ಎಲನ್ ಆಂಟಿ ಬೇಲಿಯಾಚೆಯಿಂದ ಕರೆದು ಬಿಸ್ಕತ್ತು ಕೊಡುತ್ತಿದ್ದರು.

ನನಗೆ ಆರು ವರ್ಷವಿರಬೇಕು. ಯುದ್ಧದ ಸ್ಮರಣೆಯ ಮೆರವಣಿಗೆಗೆ ಮುಂಚೆ ಅವರು ನಮ್ಮ ಬಾಗಿಲಿಗೆ ಬಂದು, ಬ್ಯಾಡ್ಜನ್ನು ಒಂದು ದಿನದ ಮಟ್ಟಿಗೆ ಕೊಡುತ್ತೀರಾ, ಹಾಕಿಕೊಂಡು ಮರಳಿಸುತ್ತೇನೆ ಎಂದು ಸಂಕೋಚದಿಂದ ಕೇಳಿದರು. ಅಮ್ಮನ ಮುಖ ಬಿಳಿಚಿಕೊಂಡಿತು. ಅದು ಊರಿನ ಬ್ಯಾಂಕ್ ಲಾಕರಿನಲ್ಲಿದೆ, ಚಿನ್ನದ ಜೊತೆ, ಎಂದು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಎಲನ್ ಆಂಟಿಯ ಕಣ್ಣು ತುಂಬಿ ಬಂತು, ಸಂತೋಷಕ್ಕೆ. ಬರಿಯ ಕೋಟಿನಲ್ಲೇ ಮೆರವಣಿಗೆಗೆ ಹೋದರು. ತಮ್ಮ ಬ್ಯಾಡ್ಜು ಇಂಡಿಯಾದಲ್ಲಿ ಚಿನ್ನದ ಪಕ್ಕ ಕೂತಿದೆ ಎಂದು ಬೀದಿಯವರಿಗೆಲ್ಲ ಹೇಳಿ ಸಾಯುವವರೆಗೂ ಹಿಗ್ಗಿದರು. ಅಯ್ಯೋ, ನಾಲ್ಕು ಮಾತು ಬೈದಿದ್ದರೂ ವಾಸಿಯಿತ್ತು. ಅಂದು ಅವರು ಹೋದ ಮೇಲೆ ಅಮ್ಮ ನನ್ನ ಕಾಲು ಹಿಡಿದುಕೊಂಡು, ನಡೆದದ್ದನ್ನೆಲ್ಲ ಹೇಳಿ ಅತ್ತಳು. ಆಮೇಲೆ ಬೇಲಿಯ ಹತ್ತಿರ ಹೋಗುವಾಗಲೆಲ್ಲ ನಾನು ಗೆಜ್ಜೆ ಬಿಚ್ಚಿಟ್ಟು ಹೋಗುತ್ತಿದ್ದೆ. ಏನು ಪುಟ್ಟಿ, ಸದ್ದೇ ಇಲ್ಲ ಎಂದು ಅವರು ಕೇಳುತ್ತಿದ್ದರು. ನಾನು ಬಿಸ್ಕತ್ತನ್ನು ತಿನ್ನದೆ ಜೇಬಿಗೆ ಹಾಕಿಕೊಂಡು ಬರುತ್ತಿದ್ದೆ.

ಆ ಎರಡೂ ಮನೆಗಳನ್ನು ಕೆಡವಿ ಟೌನ್‌ಹೌಸ್ ಕಟ್ಟಿದ್ದಾರೆ. ಅಜ್ಜಿಯೂ ಇಲ್ಲ. ಅಮ್ಮ ವೆರಿಬೀಯಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ಈಚೆಗೆ ಮರೆವು ಹೆಚ್ಚಾಗಿದೆ. ನಿನ್ನೆ ವಿಡಿಯೊ ಕಾಲ್‌ನಲ್ಲಿ ಬ್ಯಾಡ್ಜುಗಳನ್ನು ತೋರಿಸಿದೆ. ಒಂದೊಂದನ್ನೇ ದಿಟ್ಟಿಸಿ ನೋಡಿದಳು.

“ಇದ್ಯಾವುದೂ ಎಲನ್‌ದ್ದಲ್ಲ. ಅವರದ್ದು ಲಾಕರಿನಲ್ಲಿ ಉಂಟಲ್ಲ ಮಾರಾಯ್ತಿ. ಈ ಸಲ ಊರಿಗೆ ಹೋದಾಗ ತಂದು ಕೊಟ್ಟುಬಿಡು. ಪಾಪ, ಮೆರವಣಿಗೆಗೆ ಬೇಕಂತೆ.”

ವಿಭೂತಿಯ ಕೈಯಲ್ಲೇ ಫೋನು ಹಿಡಿದಿದ್ದೆ.

“ಆಯ್ತಮ್ಮ,” ಅಂದೆ. “ತರ್ತೇನೆ.”